ಚುಕ್ಕಿ ಒತ್ತಿದ ಬೆರಳು

ನನಗೆ ಕೆಲಸ ಕಲಿಸಿದ ಮೇಡಂ ಅವರ ಬಲಗೈ ಉಂಗುರದ ಬೆರಳಿಗೆ ಉಗುರಿರಲಿಲ್ಲ. ಚಿಕ್ಕಂದಿನಲ್ಲಿ ಅಪ್ಪನ ಪ್ರೆಸ್ಸಿನ ಮೆಷಿನ್ನಿಗೆ ಸಿಕ್ಕಿ ಹೋಗಿತ್ತಂತೆ. ಚಿತ್ರದುರ್ಗದ ನಮ್ಮ ಕಂಪ್ಯೂಟರ್ ಸೆಂಟರಿನಲ್ಲಿ ಮೇಡಂ ಚುಕ್ಕಿಯ ಕೀಲಿ ಒತ್ತುತ್ತಿದ್ದದ್ದು ಅದೇ ಬೆರಳಿನಿಂದ.

ಅವರು ಕಲಿಸಿದ ಎಡಿಟರ್ ಪ್ರೋಗ್ರಾಮಿನಲ್ಲಿ ಟೈಪ್ ಮಾಡುವ ಮೋಡ್ ಬೇರೆ, ತಿದ್ದುವ ಮೋಡ್ ಬೇರೆ. ಒಂದು ಸಾಲು ತಿದ್ದಿ, ಮುಂದಿನ ಸಾಲಿಗೆ ಹೋಗಿ ಚುಕ್ಕಿ ಒತ್ತಿದರೆ ಕೊನೆಗೆ ಆದ ತಿದ್ದುಪಡಿಯೇ ಅಲ್ಲೂ ತಾನಾಗಿ ಆಗುತ್ತದೆ. ನಾನು ಟಕಟಕ ಒತ್ತಿದರೆ ಗದರುತ್ತಿದ್ದರು: "ಏನವ್ವ, ರಾಗಿ ಬೀಸ್ತಿದೀಯಾ? ಕೈ ತೆಗಿ. ಕೊನೇ ಸಾಲು ಓದು. ಚುಕ್ಕಿಗೆ ನೆನಪೈತೆ, ಬುದ್ಧಿ ಇಲ್ಲ."

ಬರಬರುತ್ತ ಅವರ ಕಣ್ಣು ಮಂಜಾಯಿತು. ಅಂಕಿಗಳು ಒಂದರ ಕೆಳಗೊಂದು ನೆಟ್ಟಗೆ ಕೂರಲಿ ಎಂದು ಎಡಿಟರಿಗೆ ಪ್ಲಗಿನ್ ಎಂಬ ಒಂದು ಪುಟ್ಟ ಪ್ರೋಗ್ರಾಮು ಹಾಕಿಕೊಂಡರು. ಯಾವ ಸಾಲು ತಿದ್ದಿದರೂ ಹಿಂದೆಯೇ ಅದು ಅಂಕಿಗಳನ್ನು ಸರಿಸಿ ಜೋಡಿಸುತ್ತಿತ್ತು.

ಹೊಳಲ್ಕೆರೆಯ ಒಂದು ನರ್ಸಿಂಗ್ ಹೋಮಿನ ಮಕ್ಕಳ ವಾರ್ಡಿಗೆ, ಮಗುವಿಗೊಂದು ಸಾಲಿನಂತೆ, ಮಂಚಕ್ಕೆ ಅಂಟಿಸುವ ಔಷಧದ ಅಳತೆಯ ಚೀಟಿ ನಾವೇ ಮಾಡಿಕೊಡುತ್ತಿದ್ದೆವು. ಫಿಟ್ಸಿಗೆ ಹೊಸ ಸಿರಪ್ಪು ಬಂದಿತ್ತು, ಹಳೆಯದಕ್ಕಿಂತ ಎರಡರಷ್ಟು ಗಟ್ಟಿ. ಹತ್ತು ಎಂಎಲ್ ಇದ್ದಲ್ಲೆಲ್ಲ ಐದು ಆಗಬೇಕಿತ್ತು. ನನ್ನ ಮಗಳೂ ಫಿಟ್ಸ್ ಬಂದು ಅದೇ ವಾರ್ಡಿನಲ್ಲಿದ್ದಳು, ಅತ್ತೆ ಜೊತೆಗಿದ್ದರು. ಚೀಟಿ ಒಯ್ಯಲು ನಮ್ಮೆಜಮಾನರು ಊಟದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಬಸ್ ತಪ್ಪತೈತೆ, ಬೇಗ ಕೊಡ್ರಿ ಮೇಡಂ."

"ಆತು ತಡೀರಿ. ಪಾಪ, ಮಗು ಹಸ್ಕೊಂಡಿರ್ತೈತೆ."

ಮೊದಲ ಸಾಲನ್ನು ಕೈಯಾರೆ ತಿದ್ದಿ, ಅದನ್ನಷ್ಟೇ ಓದಿ, ಚುಕ್ಕಿ ಒತ್ತುತ್ತ ಹೋದರು. ಪ್ರತಿ ಸಲವೂ ಸಾಲು ಅಲುಗಾಡಿತು. ಆಯಿತೆಂದುಕೊಂಡು ಪ್ರಿಂಟ್ ತೆಗೆದು ಕಳಿಸಿಬಿಟ್ಟೆವು.

ಆಮೇಲೆ ಮೇಡಂ ಮನಸ್ಸು ತಡೆಯದೆ ಕೊನೆಯ ಸಾಲು ಓದಿದರು. ಹತ್ತು. ಅದರ ಮೇಲಿನದೂ ಹತ್ತು. ಪ್ಲಗಿನ್ ಮಾಡಿದ ಜೋಡಣೆಯನ್ನೇ ಚುಕ್ಕಿ ಮತ್ತೆ ಮತ್ತೆ ಮಾಡಿತ್ತು, ಅಂಕಿಯನ್ನು ಮುಟ್ಟಿರಲಿಲ್ಲ.

ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. "ನಡಿ, ಹೋಗಾಣ" ಎಂದವರು ಸೆಂಟರಿಗೆ ಬೀಗವನ್ನೂ ಹಾಕಲಿಲ್ಲ.

ನಾವು ತಲುಪುವಷ್ಟರಲ್ಲಿ ಮಗಳು ಹತ್ತು ಎಂಎಲ್ ಸಿರಪ್ಪು ಕುಡಿದು ಮಲಗಿದ್ದಳು. ಅಲುಗಿಸಿದರೂ ಏಳಲಿಲ್ಲ. ಡಾಕ್ಟರು ಓಡಿ ಬಂದು ನೋಡಿದರು. ಉಳಿದ ಮಕ್ಕಳಿಗೆ ಇನ್ನೂ ಕೊಟ್ಟಿರಲಿಲ್ಲ, ಚೀಟಿಗಳನ್ನೆಲ್ಲ ಕಿತ್ತು ಹಾಕಿಸಿದರು. ಇನ್ನು ಕಾಯಬೇಕು ಅಂದರು. ದೇವರೇ, ಆ ಕಾಯುವುದು ಶತ್ರುವಿಗೂ ಬೇಡ! ನಾನು ಮೇಡಮ್ಮಿಗೆ ಬಾಯಿಗೆ ಬಂದದ್ದು ಅಂದೆ. ಅವರು ಉಗುರಿಲ್ಲದ ಆ ಬೆರಳನ್ನು ಮಗುವಿನ ಮೂಗಿನ ಕೆಳಗಿಟ್ಟು ಉಸಿರು ನೋಡುತ್ತ ಕೂತೇ ಇದ್ದರು.

ಸಂಜೆ ಮಗಳು ಕಣ್ಣು ಬಿಟ್ಟು "ಅವ್ವ, ನೀರು" ಅಂದಳು. ಮತ್ತೊಂದು ಡೋಸು ಬಿದ್ದಿದ್ದರೆ ಏಳುತ್ತಿರಲಿಲ್ಲ ಎಂದು ಡಾಕ್ಟರು ಆಮೇಲೆ ಹೇಳಿದರು.

ಮೇಡಂ ಪ್ಲಗಿನ್ ತೆಗೆದುಹಾಕಿ ನನ್ನನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿದರು. "ನೀನು ಓದು, ನಾನು ಕೇಳ್ತೀನಿ." ಕಣ್ಣು ಪೂರ್ತಿ ಹೋದ ಮೇಲೂ ಬಂದು ಕೂತು ಕೇಳುತ್ತಿದ್ದರು, ಸಾಯುವವರೆಗೂ.

ಮಗಳಿಗೀಗ ಮದುವೆಯಾಗಿದೆ. ತವರಿಗೆ ಬಂದವಳು ಹಗಲಲ್ಲಿ ಸ್ವಲ್ಪ ಹೆಚ್ಚು ಹೊತ್ತು ಮಲಗಿದರೆ ಸಾಕು, ಹೋಗಿ ಅವಳ ಮೂಗಿನ ಕೆಳಗೆ ಬೆರಳಿಡುತ್ತೇನೆ.