ಬಾವಿಗೆ ಬಾರದ ಉಬ್ಬರ

ಆಗೆಲ್ಲ ಗೌನಿಪಲ್ಲಿ ಕಡೆಯ ನಮ್ಮ ಹಳ್ಳಿಯ ಮೆಟ್ಟಿಲು ಬಾವಿಯಲ್ಲಿ ಮಾಗಿಯವರೆಗೂ ಕೈಗೆಟಕುವಷ್ಟು ನೀರಿರುತ್ತಿತ್ತು. ಚಳಿ ಶುರುವಾದರೆ ಊರಿಗೆಲ್ಲ ಅವರೆಕಾಯಿಯ ಸೊಗಡು. ನಮ್ಮ ಮನೆಗೆ ಮಾತ್ರ ನೀಲಗಿರಿ ಎಲೆ ಕುದಿಸಿದ ವಾಸನೆ. ಅಕ್ಕನಿಗೆ ಉಬ್ಬಸ. ಅಮಾವಾಸ್ಯೆ, ಹುಣ್ಣಿಮೆ ಬಂತೆಂದರೆ ಗೋಡೆಗೆ ದಿಂಬು ಕೊಟ್ಟುಕೊಂಡು ಕೂತೇ ಬೆಳಗು ಮಾಡುತ್ತಿದ್ದಳು.

ಆ ವರ್ಷ ಸ್ಕೂಲಿನಲ್ಲಿ ಮೇಷ್ಟ್ರು, ಹುಣ್ಣಿಮೆಗೆ ಚಂದ್ರ ಎಳೆದು ಸಮುದ್ರಕ್ಕೆ ಉಬ್ಬರ ಬರುತ್ತದೆ, ನೀರು ಉಬ್ಬಿ ಮೇಲೇರುತ್ತದೆ ಎಂದರು. ಸಮುದ್ರ ಕಂಡವರು ನಮ್ಮಲ್ಲಿ ಯಾರಿದ್ದರು? ನನ್ನ ಕಿವಿಗೆ ಬಿದ್ದದ್ದು ಉಬ್ಬಸ ಎಂದೇ. ಅಯ್ಯೋ ಪಾಪ, ಸಮುದ್ರಕ್ಕೂ ಅಕ್ಕನ ಕಾಯಿಲೆ! ಹಾಗಾದರೆ ನಮ್ಮ ಬಾವಿಯೂ ಉಬ್ಬಬೇಕು. ಅದನ್ನು ಮೊದಲೇ ನೋಡಿಕೊಂಡರೆ ಅಕ್ಕನನ್ನು ಬೇಗನೆ ಬಸ್ಸು ಹತ್ತಿಸಿ ಶ್ರೀನಿವಾಸಪುರದ ಡಾಕ್ಟರ ಹತ್ತಿರ ಕರೆದೊಯ್ಯಬಹುದು ಅಂದುಕೊಂಡೆ. ಒಲೆಯ ಇದ್ದಿಲು ತಂದು, ನೀರಿನಂಚಿನಿಂದ ತುಸು ಮೇಲೆ ಕಲ್ಲಿಗೆ ಗೆರೆ ಎಳೆದೆ.

ಅಕ್ಕನಿಗೆ ಹೇಳಿದರೆ, "ಪೋವೇ, ಪಿಚ್ಚಿದಾನಾ!" ಎಂದು ತೆಲುಗಿನಲ್ಲಿ ಹುಚ್ಚಿ ಅಂತ ಬೈದು ನಕ್ಕಳು. ನಕ್ಕಿದ್ದಕ್ಕೇ ಕೆಮ್ಮು ಬಂತು. ಆಮೇಲೆ ಮೆಲ್ಲಗೆ, "ನೀರು ಏರಿದ್ರೆ ಮೊದ್ಲು ನಂಗೆ ಹೇಳೇ, ಅಮ್ಮಂಗಲ್ಲ. ಹೆದರ್ಕೊಳ್ತಾಳೆ" ಎಂದಳು.

ಹುಣ್ಣಿಮೆ ಸಂಜೆ ಬಾವಿಗೆ ಓಡಿದೆ. ನೀರು ಇದ್ದಲ್ಲೇ ಇತ್ತು.

"ಏರಿಲ್ಲ ಕಣಕ್ಕಾ! ಇವತ್ತು ನಿಂಗೇನೂ ಆಗಲ್ಲ!"

"ಹಂಗಾ? ಸರಿ ಬಿಡು, ಇವತ್ತು ಮಲಗೇ ನಿದ್ದೆ ಮಾಡ್ತೀನಿ."

ಅವರೆಕಾಳು ಸಾರಿನಲ್ಲಿ ಇಡೀ ಮುದ್ದೆ ಮುಗಿಸಿದಳು. ನನಗೆ ಹಿಡಿಸಲಾರದಷ್ಟು ಖುಷಿ.

ಬೆಳಿಗ್ಗೆ ಎದ್ದಾಗ ನೀಲಗಿರಿ ನೀರು ಒಲೆಯ ಮೇಲೆ ಕುದಿಯುತ್ತಲೇ ಇತ್ತು, ಇಳಿಸುವವರಿರಲಿಲ್ಲ. ಅಮ್ಮ ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅಕ್ಕ ಹೋಗಿಬಿಟ್ಟಿದ್ದಳು. ನಾನು ಮತ್ತೆ ಬಾವಿಗೆ ಓಡಿದೆ. ಗೆರೆ ಒಣಗಿಯೇ ಇತ್ತು.

ದೊಡ್ಡವಳಾದ ಮೇಲೆ ಓದಿದೆ: ಚಂದ್ರ ಬಾವಿಯ ನೀರನ್ನೂ ಎಳೆಯುತ್ತಾನಂತೆ, ಆದರೆ ಅಷ್ಟು ಚಿಕ್ಕ ನೀರಿನಲ್ಲಿ ಅದು ಕಣ್ಣಿಗೆ ಕಾಣುವುದಿಲ್ಲವಂತೆ. ಪುಸ್ತಕ ಮುಚ್ಚಿಟ್ಟು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ಈಗ ಊರಿಗೆಲ್ಲ ಬೋರ್‌ವೆಲ್ ನೀರು. ಬಾವಿಗೆ ಮುಳ್ಳು, ಕಸ ತುಂಬಿದ್ದಾರೆ. ನನ್ನ ಗೆರೆಯ ಕಲ್ಲು ಯಾವ ಆಳದಲ್ಲಿದೆಯೋ. ಹುಣ್ಣಿಮೆ ಮಾತ್ರ ತಪ್ಪದೆ ಬರುತ್ತದೆ. ಆ ಸಂಜೆ ನನ್ನ ಎದೆಯೂ ಬಿಗಿಯುತ್ತದೆ. ಮೊದಲು ಹೇಳಬೇಕಾದವಳೇ ಇಲ್ಲ.