ಆತ್! ಆತ್!

ತವರು ಮೈದಾನದಲ್ಲಿ ಆಡಿದರೆ ಅರ್ಧ ಗೆದ್ದಂತೆ ಎಂದು ಯಾರಾದರೂ ಅಂದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ನಾನು ಸೋತದ್ದೇ ತವರು ಮೈದಾನದಲ್ಲಿ, ನಮ್ಮ ಮಂದಿಯ ಬಾಯಿಂದಲೇ.

ತೆಲಸಂಗದಿಂದ ಕೆಲಸಕ್ಕೆಂದು ನಿಪ್ಪಾಣಿಗೆ ಬಂದು, ಅಲ್ಲಿಯ ಫುಟ್‌ಬಾಲ್ ತಂಡ ಸೇರಿ ತಿಂಗಳಾಗಿತ್ತು. ಮರಾಠಿ ನನಗೆ ಅಷ್ಟಕ್ಕಷ್ಟೆ. ಆ ದಿನ ಪಂದ್ಯ ಸಮಬಲದಲ್ಲಿತ್ತು, ಮುಗಿಯಲು ಸ್ವಲ್ಪವೇ ಹೊತ್ತಿತ್ತು. ಚೆಂಡು ನನ್ನ ಕಾಲಲ್ಲಿ, ಎದುರಿಗೆ ಗೋಲ್‌ಕೀಪರ್ ಒಬ್ಬನೇ. ಮೈದಾನದ ಸುತ್ತ ನಿಂತ ನಮ್ಮ ಮಂದಿ ಒಂದೇ ಸಮನೆ ಕೂಗಿದರು: "ಆತ್! ಆತ್!"

ಮರಾಠಿಯಲ್ಲಿ ಅದಕ್ಕೆ 'ಒಳಗೆ' ಎಂದರ್ಥ. ಚೆಂಡನ್ನು ಒಳಗೆ ಹಾಕು ಎಂದು ಅವರು ಹೇಳುತ್ತಿದ್ದರು. ನಮ್ಮೂರಲ್ಲಿ 'ಆತ್' ಅಂದರೆ 'ಆಯಿತು, ಮುಗಿಯಿತು' ಎಂದರ್ಥ. ಗದ್ದಲದಲ್ಲಿ ಸೀಟಿ ಕೇಳಿಸಿಲ್ಲ, ಆಟ ಮುಗಿದಿದೆ ಎಂದುಕೊಂಡು ನಾನು ನಿಂತುಬಿಟ್ಟೆ. ಎದುರಾಳಿ ಚೆಂಡು ಕಸಿದುಕೊಂಡು ಓಡಿ ಹೋಗಿ ನಮಗೇ ಗೋಲು ಹೊಡೆದ. ಸೋತೆವು.

ತಂಡ ನೋಡಿಕೊಳ್ಳುತ್ತಿದ್ದ ಕಾಕಾ ಎಲ್ಲರೆದುರು ಬೈದರು: "ಇಷ್ಟ ಮಂದಿ ನಿನ್ನ ಸಲುವಾಗಿ ಒದರಾಕತ್ತಿದ್ರ, ಗೂಟದಂಗ ನಿಂತಿಯಲ್ಲಲೇ!"

"ಅವ್ರು ಒದರಿದ್ದಕ್ಕ ನಾ ನಿಂತೆನ್ರಿ ಕಾಕಾ," ಅಂದೆ. ತಲೆ ತಗ್ಗಿಸಲಿಲ್ಲ.

ಮುಂದಿನ ಪಂದ್ಯ ಕಾಗವಾಡದಲ್ಲಿ. ನಮ್ಮ ಪರ ಕೂಗಲು ಒಂದು ನರಪಿಳ್ಳೆಯೂ ಇರಲಿಲ್ಲ. ಎರಡು ಗೋಲು ಹೊಡೆದೆ, ಗೆದ್ದೆವು. ಕಾಕಾಗೆ ಆಗಲೂ ಸಮಾಧಾನವಿಲ್ಲ: "ನಮ್ಮ ಮಂದಿ ಬಂದಿದ್ರ ಇನ್ನೂ ಎರಡ ಆಗ್ತಿದ್ವು."

"ಕರ್ಕೊಂಡ ಬರ್ರಿ ಕಾಕಾ," ಅಂದೆ, "ಆದ್ರ ಬರೇ ಚಪ್ಪಾಳಿ ಹೊಡೀಲಿ."