ಕಲ್ಲಿಗೆ ಕಿವಿಗೊಟ್ಟವಳು

ಅವಳನ್ನು ಕೆಲಸದವರೆಲ್ಲ ಠಣಕ್ಕ ಎಂದೇ ಕರೆಯುತ್ತಿದ್ದರು. ದೇವಸ್ಥಾನಕ್ಕೆಂದು ಬಂದ ಪ್ರತಿ ಕಲ್ಲನ್ನೂ ಪುಟ್ಟ ಸುತ್ತಿಗೆಯಿಂದ ತಟ್ಟಿ ಕಿವಿಗೊಡುವಳು. ಠಣ್ ಎಂದರೆ ಒಳಕ್ಕೆ, ಸದ್ದು ಮಂಕಾದರೆ ಹೊರಕ್ಕೆ. ಅಪ್ಪ ಕಲಿಸಿದ ವಿದ್ಯೆ. "ಮದುವೆಗೆ ಮುಂಚೆ ನನ್ನ ತಲೆನೂ ತಟ್ಟಿ ನೋಡಿದ್ಲು" ಎಂದು ಅವಳ ಗಂಡ ಎಲ್ಲರನ್ನೂ ನಗಿಸುತ್ತಿದ್ದ. ಅವನದು ಅಲ್ಲೇ ಕಂಬ ನಿಲ್ಲಿಸುವ ಕೆಲಸ.

ಮುಖ್ಯ ಶಿಲ್ಪಿ ಅವಳ ಅಣ್ಣ. ಮಂಟಪದ ನಡುವಿನ ತೊಲೆಯ ಮೇಲೆ ಅವನು ಹಂಸಗಳ ಸಾಲು ಕೆತ್ತಿದ್ದ. ಒಂದೊಂದರ ಕೊರಳ ಬಾಗೂ ಬೇರೆ. ಐದು ತಿಂಗಳ ಕೆಲಸ. ತೊಲೆ ಮೇಲೆತ್ತುವ ಹಿಂದಿನ ದಿನ ಹಂಸಗಳನ್ನು ನೋಡುತ್ತ ಸುಮ್ಮನೆ ತಟ್ಟಿದವಳು ಮತ್ತೊಮ್ಮೆ ತಟ್ಟಿದಳು. ಒಂದು ತುದಿಯಲ್ಲಿ ಒಡಕು ಮಡಕೆಯ ಸದ್ದು. ಕೆತ್ತುವಾಗ ಕಲ್ಲು ಒಳಗೆಲ್ಲೋ ಬಿರುಕು ಬಿಟ್ಟಿತ್ತು.

ಅಣ್ಣನನ್ನು ಪಕ್ಕಕ್ಕೆ ಕರೆದು ಹೇಳಿದಳು. ಅವನೂ ತಟ್ಟಿ ನೋಡಿದ. ಹಂಸವೊಂದರ ಕೊರಳ ಮೇಲೆ ಬೆರಳಾಡಿಸಿದ.

"ಇಂಥದ್ದು ಇನ್ನೊಂದ್ಸಲ ನನ್ನ ಕೈಲಿ ಆಗಲ್ಲಮ್ಮ," ಎಂದ ಕೊನೆಗೆ. "ಕಂಬದ ಮೇಲೆ ಕೂತ್ರೆ ತಡ್ಕೊಳ್ಳತ್ತೆ. ಯಾರಿಗೂ ಹೇಳ್ಬೇಡ."

ಅಪ್ಪ ಸತ್ತ ಮೇಲೆ ಸಾಕಿ ಬೆಳೆಸಿದ ಅಣ್ಣ. ಅವಳು ಬಾಯಿಗೆ ಬೀಗ ಹಾಕಿಕೊಂಡಳು, ಗಂಡನಿಗೂ ಹೇಳಲಿಲ್ಲ.

ತೊಲೆ ಏರಿತು, ಅದರ ಮೇಲೆ ಚಪ್ಪಡಿಗಳು ಕೂತವು. ಹದಿನೇಳು ದಿನ ಏನೂ ಆಗದ್ದಕ್ಕೆ ಅವಳಿಗೂ ಧೈರ್ಯ ಬಂತು. ಮಾರನೆಯ ಬೆಳಿಗ್ಗೆ, ಕೆಳಗೆ ಆಸರೆಗೆ ಕೊಟ್ಟಿದ್ದ ಮರಗಳನ್ನು ಬಿಚ್ಚಲು ಗಂಡ ಹೋದ. ಕೊನೆಯ ಮರ ಜಾರಿಸುತ್ತಿದ್ದಂತೆ ತೊಲೆ ಎರಡಾಗಿ ಅವನ ಮೇಲೆ ಬಿತ್ತು. ಕಲ್ಲು ಸರಿಸಲು ಹದಿನಾಲ್ಕು ಜನ ಬೇಕಾದರು.

ವಿಚಾರಣೆಗೆ ಬಂದ ಅಧಿಕಾರಿಗಳ ಮುಂದೆ ಅಣ್ಣ, ಕಲ್ಲು ಮೋಸ ಮಾಡಿತು ಎಂದ. ಮೂಲೆಯಲ್ಲಿ ಕೂತಿದ್ದ ಅವಳು ಎದ್ದಳು.

"ಕಲ್ಲು ಮೊದ್ಲೇ ಹೇಳಿತ್ತು. ನಾನು ಅಣ್ಣಂಗೆ ಹೇಳ್ದೆ. ಅವನು ಮುಚ್ಚಿಟ್ಟ, ನಾನೂ ಮುಚ್ಚಿಟ್ಟೆ. ಇಬ್ಬರ ಹೆಸರೂ ಬರ್ಕೊಳ್ಳಿ."

ಅಣ್ಣನಿಗೆ ಎರಡು ವರ್ಷ ಜೈಲಾಯಿತು. ಅವಳನ್ನು ಕೆಲಸದಿಂದ ತೆಗೆದರು. ಗಂಡನನ್ನು ನುಂಗಿದ್ದು ಸಾಲದೆ ಅಣ್ಣನನ್ನೂ ನುಂಗಿದಳೆಂದು ಅತ್ತಿಗೆ ಬಾಗಿಲು ಹಾಕಿಕೊಂಡಳು. ಠಣಕ್ಕ ಮನೆಗಳಿಗೆ ಮೆಟ್ಟಿಲುಗಲ್ಲು ಕಡಿದುಕೊಟ್ಟು ಹೊಟ್ಟೆ ಹೊರೆದಳು.

ಜೈಲಿನಿಂದ ಬಂದ ಅಣ್ಣನ ಕೈಯಲ್ಲಿ ಉಳಿ ನಿಲ್ಲುತ್ತಿರಲಿಲ್ಲ. ಒಂದು ಮಧ್ಯಾಹ್ನ ಬಂದು ಅವಳ ಹೊಸ್ತಿಲ ಹೊರಗೆ ಕೂತ. ಅವಳು ಊಟದ ತಟ್ಟೆ ತಂದಿಟ್ಟಳು. ಆಮೇಲೆ ದಿನಾ ಬರತೊಡಗಿದ. ಕ್ಷಮೆಯ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ. ಅವನು ಸತ್ತಾಗ ಅತ್ತಿಗೆಯೇ ಹೇಳಿಕಳಿಸಿದಳು. ಠಣಕ್ಕ ಹೋಗಿ ಹೆಣದ ಪಕ್ಕ ಸಂಜೆಯವರೆಗೂ ಕೂತಳು. ಅಳು ಬರಲಿಲ್ಲ.